ಜೋನಳ ನುಡಿ

ಐರಿಷ್ ಭಾಷೆಯ ಕಾಗುಣಿತದಷ್ಟು ತಂಟೆಕೋರ ಕಾಗುಣಿತ ಇನ್ನೊಂದಿರಲಾರದು. ರೋಮನ್ ಲಿಪಿಯಲ್ಲಿ ಏಳು ಅಕ್ಷರ ಬರೆದು ಅದನ್ನು ಎರಡೇ ಉಸಿರಿನಲ್ಲಿ ಮುಗಿಸುತ್ತಾರೆ. ನಡುವೆ ಒಂದು ‘ಬಿ’, ಒಂದು ‘ಎಚ್’ ನಿಂತಿದ್ದರೆ ಅವೆರಡೂ ಕೂಡಿ ‘ವ’ಕಾರವಾಗುತ್ತದೆ. ಇಂಗ್ಲಿಷ್ ಬಲ್ಲವರೂ ತಡವರಿಸುವ ಇಂಥದೊಂದು ಹೆಸರು ಕನ್ನಡದಲ್ಲಿ ಬರೆದರೆ ಬಲು ಸಲೀಸು: ಶಿವಾನ್. ಶಿವಾನ್ ಮೆಕೆನ್ನಾ. ನನ್ನ ಸೋದರತ್ತೆ ಈ ಹೆಸರು ಕೇಳಿದ್ದರೆ ‘ಯಾರೋ ನಮ್ಮ ಪೈಕಿಯವರೇ ಇರಬೇಕು’ ಎಂದುಬಿಡುತ್ತಿದ್ದರು. ಆದರೆ ಈ ಹೆಸರಿಗೂ ನಮ್ಮ ಕೈಲಾಸವಾಸಿಗೂ ನಂಟಿಲ್ಲ. ಅದು ನಾರ್ಮನ್ ದೊರೆಗಳ ಹಿಂದೆ ಫ್ರಾನ್ಸಿನ ಕಡೆಯಿಂದ ಐರ್ಲೆಂಡಿಗೆ ಬಂದು, ಅಲ್ಲಿಯ ನಾಲಗೆಗೆ ಹೊಂದಿಕೊಂಡ ಹೆಸರು. ಇಂಗ್ಲಿಷಿನಲ್ಲಿ ಜೋನ್ ಆದದ್ದೇ ಐರಿಷಿನಲ್ಲಿ ಶಿವಾನ್ ಆಯಿತು. ಈ ಸಣ್ಣ ಸಂಗತಿಯನ್ನು ಓದುಗರು ಸೆರಗಿನಲ್ಲಿ ಕಟ್ಟಿಕೊಂಡಿರಬೇಕು; ಮುಂದೆ ಬೇಕಾಗುತ್ತದೆ.

ಆಕೆಯನ್ನು ನಾನು ಮೊದಲು ಕಂಡದ್ದು ‘ಡಾಕ್ಟರ್ ಜಿವಾಗೋ’ ಚಿತ್ರದಲ್ಲಿ. ಡೇವಿಡ್ ಲೀನ್ ೧೯೬೫ರಲ್ಲಿ ತೆಗೆದ ಆ ಚಿತ್ರ ಕೆಲವು ಕಾಲದ ಮೇಲೆ ನಮ್ಮ ಕಡೆಗೂ ಬಂತು. ಕಾಲೇಜಿನ ಹುಡುಗರೆಲ್ಲ ಜೂಲಿ ಕ್ರಿಸ್ಟಿಯನ್ನು ನೋಡುವುದಕ್ಕೆ ಹೋದರು; ನಾನೂ ಅದಕ್ಕೇ ಹೋದವನು, ಸುಳ್ಳೇಕೆ ಹೇಳಲಿ. ಮೂರು ಗಂಟೆಗೂ ಮಿಕ್ಕಿದ ಆ ಚಿತ್ರದಲ್ಲಿ ಶಿವಾನಳ ಪಾಲಿಗೆ ಬಂದದ್ದು ಕೆಲವೇ ನಿಮಿಷ. ಹೆತ್ತವರಿಲ್ಲದ ಹುಡುಗ ಯೂರಿಯನ್ನು ಮನೆಗೆ ಕರೆತಂದು ಸಾಕುವ ಆನಾ ಗ್ರೊಮೆಕೋ ಎಂಬ ಗೃಹಿಣಿಯ ಪಾತ್ರ. ಗಂಡನಾಗಿ ರಾಲ್ಫ್ ರಿಚರ್ಡ್‌ಸನ್. ಹಿಮ, ರೈಲು, ಕ್ರಾಂತಿ, ಪ್ರಣಯ ಇವುಗಳ ನಡುವೆ ಆ ಗೃಹಿಣಿ ಬೇಗನೆ ಮರೆಯಾಗಿ ಹೋಗುತ್ತಾಳೆ. ಆದರೂ ಥಿಯೇಟರಿನಿಂದ ಹೊರಗೆ ಬಂದ ಮೇಲೆ ಆಕೆಯ ದನಿ ನನ್ನ ಕಿವಿಯಲ್ಲಿ ಉಳಿದಿತ್ತು. ಮುಖವಲ್ಲ, ದನಿ. ತುಸು ಗಡಸು, ಕೆಳಗಿನ ಸ್ಥಾಯಿಯಲ್ಲಿ ಹೊಗೆಯಾಡಿದಂತೆ, ಮಾತು ಮುಗಿದ ಮೇಲೂ ಒಂದು ಗಳಿಗೆ ನಿಂತೇ ಇರುವಂಥ ದನಿ.

ಆ ದನಿಯ ಪೂರ್ಣ ಪರಿಚಯವಾದದ್ದು ಆಮೇಲೆ. ಅಮೆರಿಕಕ್ಕೆ ಓದಲು ಹೋಗಿದ್ದ ಗೆಳೆಯನೊಬ್ಬ ಹಿಂದಿರುಗುವಾಗ ಎರಡು ಗ್ರಾಮಫೋನ್ ತಟ್ಟೆಗಳನ್ನು ತಂದಿದ್ದ. ಒಂದರಲ್ಲಿ ಜೇಮ್ಸ್ ಜಾಯ್ಸನ ‘ಯೂಲಿಸಿಸ್’ ಕಾದಂಬರಿಯ ಮಾಲಿ ಬ್ಲೂಮಳ ಸ್ವಗತ. ಇನ್ನೊಂದರಲ್ಲಿ ಅದೇ ಜಾಯ್ಸನ ‘ಫಿನೆಗನ್ಸ್ ವೇಕ್’ ಗ್ರಂಥದ ಭಾಗ; ಸಿರಿಲ್ ಕ್ಯುಸಾಕ್ ಎಂಬ ನಟನ ಜೊತೆಗೂಡಿ ಶಿವಾನ್ ಓದಿದ್ದು. ಲಿಫಿ ನದಿಯ ಎರಡು ದಡದಲ್ಲಿ ಇಬ್ಬರು ಅಗಸಗಿತ್ತಿಯರು ನಿಂತು, ಬಟ್ಟೆ ಸೆಳೆಯುತ್ತ ಊರ ಮಂದಿಯ ಕೊಳೆಯನ್ನೆಲ್ಲ ಆಡಿಕೊಳ್ಳುವ ಪ್ರಸಂಗ. ಕತ್ತಲಾಗುತ್ತ ಆಗುತ್ತ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ, ಕೊನೆಗೆ ಒಬ್ಬಳು ಮರವಾಗಿ ಒಬ್ಬಳು ಕಲ್ಲಾಗಿ ನಿಂತುಬಿಡುತ್ತಾರೆ. ಆ ಗ್ರಂಥ ಅರ್ಥವಾಯಿತು ಎನ್ನುವ ಧೈರ್ಯ ವಿದ್ವಾಂಸರಿಗೇ ಇಲ್ಲ. ನಾನಂತೂ ಅರ್ಥದ ಗೊಡವೆ ಬಿಟ್ಟು ಕೇಳಿದೆ. ಹಳ್ಳದ ದಡದಲ್ಲಿ ಹೆಂಗಸರು ಕೈಗೆ ಕೈ, ಬಾಯಿಗೆ ಬಾಯಿ ಹಚ್ಚಿ ಮಾತಾಡುವುದನ್ನು ಕೇಳಿ ಬೆಳೆದವರಿಗೆ ಅದರ ಓಟ, ಇಳಿತ, ನಡುವೆ ಥಟ್ಟನೆ ದನಿ ತಗ್ಗಿಸಿ ‘ಹೌದೇ?’ ಎನ್ನುವ ಸೊಗಸು ಯಾವುದೂ ಹೊಸದಲ್ಲ. ಇಂಗ್ಲಿಷನ್ನು ಹೀಗೆ ಆಡಬಹುದೆಂದು ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆಯಲು ಹೊರಟಿದ್ದ ನನಗೆ ಯಾರೂ ಹೇಳಿರಲಿಲ್ಲ. ಈ ಹೆಂಗಸಿನ ಇಂಗ್ಲಿಷಿನ ಅಡಿಯಲ್ಲಿ ಬೇರೆ ಯಾವುದೋ ನೀರು ಹರಿಯುತ್ತಿದೆ ಅನ್ನಿಸಿತು. ಅದು ಯಾವ ನೀರು ಎಂದು ಹುಡುಕಹೊರಟದ್ದರ ಫಲವೇ ಈ ಬರಹ.

ಶಿವಾನ್ ಹುಟ್ಟಿದ್ದು ೧೯೨೨ರ ಮೇ ತಿಂಗಳಲ್ಲಿ, ಬೆಲ್‌ಫಾಸ್ಟ್ ನಗರದಲ್ಲಿ. ಐರ್ಲೆಂಡ್ ಎರಡು ಹೋಳಾದ ಕಾಲ ಅದು. ದಕ್ಷಿಣದ ಇಪ್ಪತ್ತಾರು ಜಿಲ್ಲೆಗಳು ಸ್ವತಂತ್ರ ರಾಜ್ಯವಾಗಲು ಹೊರಟಿದ್ದವು. ಬೆಲ್‌ಫಾಸ್ಟ್ ಇದ್ದ ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನ ಜೊತೆಗೇ ಉಳಿದವು. ತಂದೆ ಗಣಿತದ ಮೇಷ್ಟರು, ಅಪ್ಪಟ ರಾಷ್ಟ್ರಾಭಿಮಾನಿ. ಮನೆಯಲ್ಲಿ ಮಾತು ಐರಿಷ್. ಇದನ್ನು ನಾವು ‘ಅದರಲ್ಲೇನು ವಿಶೇಷ’ ಎಂದು ದಾಟಿಹೋಗಬಾರದು. ನಮ್ಮಲ್ಲಿ ಮನೆಯಲ್ಲಿ ಕನ್ನಡ ಆಡುವುದು ಉಸಿರಾಡಿದಷ್ಟೇ ಸಹಜ. ಅಲ್ಲಿ ಹಾಗಲ್ಲ. ೧೮೪೫ರಿಂದ ಮುಂದೆ ಕೆಲವು ವರ್ಷ ಆಲೂಗಡ್ಡೆಯ ಬೆಳೆ ಕೊಳೆತು ಬಂದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಹೆಚ್ಚಾಗಿ ಸತ್ತವರೂ ಹೋದವರೂ ಪಶ್ಚಿಮದ ಬಡ ರೈತರು. ಐರಿಷ್ ಆಡುತ್ತಿದ್ದವರೂ ಅವರೇ. ೧೮೫೧ರ ಜನಗಣತಿಯ ವೇಳೆಗೆ ಆ ಭಾಷೆ ಬಲ್ಲವರು ಸುಮಾರು ಹದಿನೈದು ಲಕ್ಷ, ಜನಸಂಖ್ಯೆಯ ಕಾಲುಭಾಗಕ್ಕೂ ಕಡಿಮೆ. ಉಳಿದ ತಾಯಂದಿರು, ಮಗು ನಾಳೆ ಅಮೆರಿಕಕ್ಕೆ ಹೋಗಬೇಕಲ್ಲ ಎಂದು ಅದರ ಬಾಯಿಗೆ ಇಂಗ್ಲಿಷ್ ಇಟ್ಟರು. ಹೊಟ್ಟೆಯ ಮುಂದೆ ಭಾಷೆ ಎಷ್ಟರದು? ಹೀಗೆ ಬತ್ತಿದ ಬಾವಿಯನ್ನು ಮತ್ತೆ ತೋಡುತ್ತೇವೆಂದು ೧೮೯೩ರಲ್ಲಿ ಗೇಲಿಕ್ ಲೀಗ್ ಎಂಬ ಸಂಸ್ಥೆ ಹುಟ್ಟಿತು. ಆ ಹಟವಾದಿಗಳ ಸಂತಾನದ ಮನೆಯಲ್ಲಿ ಶಿವಾನ್ ಬೆಳೆದಳು. ಆಕೆಯ ಬಾಯಲ್ಲಿ ಐರಿಷ್ ಇತ್ತೆಂದರೆ ಅದು ತಾನಾಗಿ ಬಂದದ್ದಲ್ಲ, ಯಾರೋ ಪಟ್ಟುಹಿಡಿದು ಉಳಿಸಿದ್ದು.

ಮಗು ಐದಾರು ವರ್ಷದ್ದಿರುವಾಗ ತಂದೆಗೆ ಗಾಲ್ವೇ ನಗರದ ಕಾಲೇಜಿನಲ್ಲಿ ಕೆಲಸವಾಯಿತು. ಗಾಲ್ವೇ ಪಶ್ಚಿಮ ಕಡಲಿನ ಊರು. ಅದರಾಚೆಗೆ ಕಾನಮಾರಾ, ಕಲ್ಲು, ಕೆಸರು, ಗಾಳಿ, ಮೀನುಗಾರರು ಮತ್ತು ಅಳಿಯದೆ ಉಳಿದ ಐರಿಷ್. ಬೆಲ್‌ಫಾಸ್ಟಿನಲ್ಲಿ ಮನೆಯೊಳಗೆ ಮಾತ್ರ ಇದ್ದ ಭಾಷೆ ಇಲ್ಲಿ ಸಂತೆಯಲ್ಲೂ ಕೇಳಿಸಿತು. ಇದೇ ಊರಿನಲ್ಲಿ ೧೯೨೮ರಲ್ಲಿ ಒಂದು ಪುಟ್ಟ ನಾಟಕಶಾಲೆ ಬಾಗಿಲು ತೆರೆಯಿತು. ಹೆಸರು ತೈವ್‌ಯಾರ್ಕ್. ಐರಿಷ್ ಭಾಷೆಯಲ್ಲೇ ನಾಟಕವಾಡಬೇಕೆಂಬುದು ಅದರ ಸಂಕಲ್ಪ. ಸರ್ಕಾರದ ಸಹಾಯಧನವೂ ಇತ್ತು. ಮೊದಲ ನಾಟಕವನ್ನು ಬರೆದು ಆಡಿಸಿದಾತ ಮಿಹಾಲ್ ಮಕ್ ಲಿಯಮೋರ್. ಈ ಮಹಾನುಭಾವನ ಕಥೆ ಬೇರೆಯೇ ಒಂದು ನಾಟಕ. ಆತ ಸಾಯುವ ತನಕ ತಾನು ಕಾರ್ಕ್ ಪ್ರಾಂತದ ಐರಿಷ್ ಮನೆತನದವನೆಂದು ಹೇಳಿಕೊಂಡ; ಎಲ್ಲರೂ ನಂಬಿದರು. ೧೯೭೮ರಲ್ಲಿ ತೀರಿಕೊಂಡ ಮೇಲೆ ತಿಳಿದದ್ದೇನೆಂದರೆ, ಆತ ಲಂಡನ್ನಿನಲ್ಲಿ ಹುಟ್ಟಿದ ಆಲ್ಫ್ರೆಡ್ ವಿಲ್ಮೋರ್ ಎಂಬ ಇಂಗ್ಲಿಷ್ ಹುಡುಗ. ಐರಿಷನ್ನು ಕಷ್ಟಪಟ್ಟು ಕಲಿತು, ಆ ಭಾಷೆಯಲ್ಲಿ ಬರೆದು, ಹೆಸರು ಬದಲಾಯಿಸಿ, ಹುಟ್ಟೂರನ್ನೂ ಬದಲಾಯಿಸಿಕೊಂಡಿದ್ದ. ತಾಯ್ನುಡಿಯನ್ನು ಬಿಟ್ಟು ಓಡುವವರನ್ನು ಕಂಡಿದ್ದೇವೆ. ಬೇರೊಬ್ಬರ ತಾಯ್ನುಡಿಗೆ ಹೀಗೆ ದತ್ತು ಹೋದವರು ಅಪರೂಪ.

ಕಾಲೇಜಿನಲ್ಲಿ ಓದುತ್ತಿದ್ದ ಶಿವಾನ್ ೧೯೪೦ರ ಸುಮಾರಿಗೆ ತೈವ್‌ಯಾರ್ಕ್ ರಂಗವನ್ನು ಏರಿದಳು. ಅಲ್ಲಿ ಆಕೆ ಲೇಡಿ ಮ್ಯಾಕ್‌ಬೆತ್ ಆದದ್ದು ಐರಿಷಿನಲ್ಲಿ. ಅಂದರೆ ಷೇಕ್ಸ್‌ಪಿಯರನ ರಾಣಿ ಆಕೆಯ ನಾಲಗೆಗೆ ಮನೆಯ ಮಾತಾಗಿಯೇ ಇಳಿದಳು. ನಟಿಗೆ ಇದು ಎಂಥ ಅಡಿಪಾಯವೆಂಬುದನ್ನು ಬಲ್ಲವರೇ ಬಲ್ಲರು.

ಅಲ್ಲಿಂದ ಡಬ್ಲಿನ್ನಿನ ಆಬಿ ಥಿಯೇಟರ್. ೧೯೦೪ರಲ್ಲಿ ಯೇಟ್ಸ್, ಲೇಡಿ ಗ್ರೆಗರಿ ಮೊದಲಾದವರು ತೆರೆದ ನಾಟಕಶಾಲೆ. ನಮ್ಮ ರವೀಂದ್ರರ ‘ಅಂಚೆಮನೆ’ಯನ್ನು ೧೯೧೩ರಲ್ಲೇ ಇಂಗ್ಲಿಷಿನಲ್ಲಿ ಆಡಿ ತೋರಿಸಿದ ಜಾಗ. ಶಿವಾನ್ ಹೋದ ಕಾಲಕ್ಕೆ ಅದರ ಯಜಮಾನಿಕೆ ಅರ್ನೆಸ್ಟ್ ಬ್ಲೈದ್ ಎಂಬವನದು. ಈತ ಹಿಂದೆ ಹಣಕಾಸಿನ ಮಂತ್ರಿಯಾಗಿದ್ದವನು. ವೃದ್ಧಾಪ್ಯ ವೇತನದಲ್ಲಿ ವಾರಕ್ಕೊಂದು ಷಿಲ್ಲಿಂಗ್ ಕತ್ತರಿಸಿ ಮುದುಕರ ಶಾಪಕ್ಕೆ ಗುರಿಯಾದವನು. ಆದರೆ ೧೯೨೫ರಲ್ಲಿ ಆಬಿಗೆ ೮೫೦ ಪೌಂಡಿನ ಸರ್ಕಾರಿ ಸಹಾಯಧನ ಕೊಡಿಸಿದವನೂ ಇವನೇ. ನಾಟಕಶಾಲೆಗೆ ಬಂದ ಮೇಲೆ ಇವನು ಹಿಡಿದ ಹಟ ಒಂದೇ: ಹೊಸದಾಗಿ ಸೇರುವ ನಟನಟಿಯರಿಗೆ ಐರಿಷ್ ಬರಲೇಬೇಕು. ಕ್ರಿಸ್‌ಮಸ್ ಬಂದರೆ ಐರಿಷಿನಲ್ಲಿ ಒಂದು ಹಾಡು-ಕುಣಿತದ ಆಟ. ಭಾಷೆಯ ಪರೀಕ್ಷೆಯಲ್ಲಿ ಪಾಸಾಗಿ ಅಭಿನಯದಲ್ಲಿ ನಪಾಸಾದವರೂ ಒಳಗೆ ಸೇರಿದರೆಂದು ಡಬ್ಲಿನ್ನಿನ ಜನ ಗೊಣಗಿದರು. ಗೊಣಗಿದ್ದರಲ್ಲಿ ನಿಜವಿದೆ. ಅಪ್ಪಣೆ ಹೊರಡಿಸಿ ಭಾಷೆ ಬೆಳೆಸುವುದು, ಗಿಡದ ತುದಿ ಹಿಡಿದು ಎಳೆದು ಎತ್ತರ ಮಾಡಿದ ಹಾಗೆ. ಆದರೆ ಶಿವಾನಳಂಥವಳಿಗೆ ಆ ನಿಯಮ ಬಾಗಿಲು ತೆರೆಯಿತು ಎಂಬುದೂ ನಿಜವೇ. ಅಲ್ಲಿಯೇ ಡೆನಿಸ್ ಓಡೇ ಎಂಬ ಒಳ್ಳೆಯ ನಟನ ಪರಿಚಯವಾಗಿ ೧೯೪೬ರಲ್ಲಿ ಮದುವೆಯೂ ಆಯಿತು. ಆತ ೧೯೫೦ರ ‘ಟ್ರೆಷರ್ ಐಲೆಂಡ್’ ಚಿತ್ರದಲ್ಲಿ ಡಾಕ್ಟರ್ ಲಿವ್ಸಿಯಾಗಿ ಬಂದವನು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ಹಲವು ವರ್ಷಗಳ ಹಿಂದೆ ನಮ್ಮ ಊರಿನ ಹವ್ಯಾಸಿ ಸಂಘದವರು ಬರ್ನಾರ್ಡ್ ಷಾನ ಒಂದು ನಾಟಕವನ್ನು ಕನ್ನಡಕ್ಕೆ ತಂದು ಆಡಿದರು. ಪರದೆ ಎಳೆಯುವ ಕೆಲಸ ನನ್ನದು. ಮುಖ್ಯ ಅತಿಥಿಯಾಗಿ ಬಂದ ದೊಡ್ಡ ಅಧಿಕಾರಿಯೊಬ್ಬರು ಹಾರ ಹಾಕಿಸಿಕೊಂಡು, ಕನ್ನಡಕ ಸರಿಪಡಿಸಿಕೊಂಡು ಒಂದು ಪ್ರಶ್ನೆ ಹಾಕಿದರು: “ಷಾ ಅರ್ಥವಾಗುವವರಿಗೆ ಇಂಗ್ಲಿಷ್ ಅರ್ಥವಾಗುತ್ತದೆ. ಇಂಗ್ಲಿಷ್ ಬಾರದವರಿಗೆ ಷಾನನ್ನು ಕಟ್ಟಿಕೊಂಡು ಆಗಬೇಕಾದ್ದೇನು?” ಸಭೆ ನಕ್ಕಿತು. ಸಂಘದ ಕಾರ್ಯದರ್ಶಿಯೂ, ಚಂದಾ ಬರಬೇಕಾಗಿತ್ತಲ್ಲ, ನಕ್ಕರು. ಆ ಪ್ರಶ್ನೆ ಮುಳ್ಳಿನಂತೆ ನನ್ನಲ್ಲಿ ಮುರಿದುಕೊಂಡು ಉಳಿಯಿತು. ಶಿವಾನಳ ಬದುಕಿನಲ್ಲಿ ಅದಕ್ಕೆ ಉತ್ತರ ಸಿಕ್ಕಿದ್ದರಿಂದಲೇ ಆಕೆ ನನಗೆ ಬೇಕಾದವಳಾದಳು.

ಷಾ ‘ಸೇಂಟ್ ಜೋನ್’ ನಾಟಕವನ್ನು ಬರೆದದ್ದು ೧೯೨೩ರಲ್ಲಿ. ಜೋನಳಿಗೆ ಚರ್ಚು ಸಂತ ಪದವಿ ಕೊಟ್ಟ ಮೂರು ವರ್ಷದ ಮೇಲೆ. ಷಾ ಡಬ್ಲಿನ್ನಿನಲ್ಲಿ ಹುಟ್ಟಿ ಇಪ್ಪತ್ತರ ವಯಸ್ಸಿನಲ್ಲೇ ಲಂಡನ್ನಿಗೆ ನಡೆದವನು. ಐರಿಷ್ ಭಾಷೆಯನ್ನು ಬದುಕಿಸುತ್ತೇವೆನ್ನುವವರ ಮೇಲೆ ಆತನಿಗೆ ಅಂಥ ಶ್ರದ್ಧೆಯೇನೂ ಇರಲಿಲ್ಲ. ಅಂಥವನ ನಾಟಕವನ್ನು ಶಿವಾನ್ ತಾನೇ ಕುಳಿತು ಐರಿಷಿಗೆ ಅನುವಾದಿಸಿದಳು. ೧೯೫೦-೫೧ರ ಸುಮಾರಿಗೆ ಗಾಲ್ವೇಯ ಆ ಪುಟ್ಟ ತೈವ್‌ಯಾರ್ಕಿನಲ್ಲಿ ತಾನೇ ಜೋನಳಾಗಿ ಆಡಿದಳು. ಐರಿಷಿನಲ್ಲಿ ನಾಟಕದ ಹೆಸರೇನು ಗೊತ್ತೇ? ‘ಸಾನ್ ಶಿವಾನ್’. ಮೊದಲಿಗೇ ಹೇಳಿದೆನಲ್ಲ, ಜೋನ್ ಎಂದರೆ ಶಿವಾನ್. ತನ್ನ ಹೆಸರಿನವಳನ್ನು ತನ್ನ ಮಾತಿನಲ್ಲಿ, ತಾನು ಬೆಳೆದ ಊರಿನಲ್ಲಿ ಆಡಿದಳು.

ಜೋನಳ ಚರಿತ್ರೆಯಲ್ಲಿ ಭಾಷೆಯ ಮಾತು ಸುಮ್ಮನೆ ಬರುವುದಲ್ಲ. ಆಕೆಗೆ ದೈವವಾಣಿ ಕೇಳುತ್ತಿತ್ತಷ್ಟೆ. ೧೪೨೯ರಲ್ಲಿ ಪ್ವಾತಿಯೇ ಪಟ್ಟಣದಲ್ಲಿ ಪಂಡಿತರು ಆಕೆಯನ್ನು ಪರೀಕ್ಷೆ ಮಾಡುವಾಗ, ಲಿಮೂಸಾಂ ಸೀಮೆಯ ಸೆಗ್ವಾಂ ಎಂಬ ಸಂನ್ಯಾಸಿ, ಆ ವಾಣಿ ಯಾವ ನುಡಿಯಲ್ಲಿ ಮಾತಾಡುತ್ತದೆ ಎಂದು ಕೇಳಿದ. ನಿಮ್ಮದಕ್ಕಿಂತ ಒಳ್ಳೆಯದರಲ್ಲಿ ಎಂದು ಹುಡುಗಿ ಉತ್ತರ ಕೊಟ್ಟಳು. ಆತನ ಸೀಮೆಯ ಮಾತಿನ ಒರಟುತನಕ್ಕೆ ಕೊಟ್ಟ ಪೆಟ್ಟು ಅದು. ಸೆಗ್ವಾಂ ಮಹಾಶಯ ಇದನ್ನು ಮುಚ್ಚಿಡಲಿಲ್ಲ. ಜೋನಳನ್ನು ಸುಟ್ಟು ಇಪ್ಪತ್ತೈದು ವರ್ಷವಾದ ಮೇಲೆ ನಡೆದ ಮರುವಿಚಾರಣೆಯಲ್ಲಿ ತಾನೇ ಸಾಕ್ಷಿ ಹೇಳಿದ. ೧೪೩೧ರ ವಿಚಾರಣೆಯಲ್ಲಂತೂ, ನಿನಗೆ ಕಾಣಿಸುವ ಸಂತ ಮಾರ್ಗರೆಟ್ ಇಂಗ್ಲಿಷಿನಲ್ಲಿ ಮಾತಾಡುವುದಿಲ್ಲವೇ ಎಂದು ನ್ಯಾಯಾಧೀಶರು ಕೇಳಿದರು. ಆಕೆ ಇಂಗ್ಲಿಷರ ಪಕ್ಷದವಳಲ್ಲದ ಮೇಲೆ ಇಂಗ್ಲಿಷ್ ಏಕೆ ಆಡಿಯಾಳು ಎಂದು ಜೋನ್ ಮರುಪ್ರಶ್ನೆ ಹಾಕಿದಳು. ಹತ್ತೊಂಬತ್ತು ವರ್ಷದ, ಅಕ್ಷರ ಬಾರದ ಹುಡುಗಿ!

ಈಗ ಯೋಚಿಸಿ. ಈ ಹುಡುಗಿ ಐರಿಷ್ ಆಡುತ್ತ ಗಾಲ್ವೇಯ ಜನರೆದುರು ನಿಂತು, ಇಂಗ್ಲಿಷರು ತಮ್ಮ ಊರಿಗೆ ತಾವು ಹೋಗಲಿ ಎಂದರೆ ಆ ಮಾತಿಗೆ ಎಷ್ಟು ತೂಕ ಬಂದಿರಬೇಡ? ಲಂಡನ್ನಿನಲ್ಲಿ ಅದು ಇತಿಹಾಸದ ನಾಟಕ. ಗಾಲ್ವೇಯಲ್ಲಿ ಅದು ಅಜ್ಜನ ಕಾಲದ ಮನೆಯ ಸುದ್ದಿ. ಇನ್ನೊಂದು ತಮಾಷೆಯೂ ಇದೆ. ಷಾನ ನಾಟಕದಲ್ಲಿ ಒಬ್ಬ ಮೊದ್ದ ಇಂಗ್ಲಿಷ್ ಪಾದ್ರಿ ಬರುತ್ತಾನೆ. ತನ್ನ ದೇಶವೇ ದೇಶ ಎಂದು ಕೂಗಾಡುವವನು. ಗಾಲ್ವೇಯಲ್ಲಿ ಆ ಪಾದ್ರಿಯೂ ಐರಿಷಿನಲ್ಲೇ ಇಂಗ್ಲೆಂಡಿನ ಜಯಕಾರ ಹಾಕಬೇಕಾಯಿತು! ಷಾ ಮಹಾಶಯನಿಗೆ ಇದಕ್ಕಿಂತ ಒಳ್ಳೆಯ ವಿನೋದ ತಾನಾಗಿ ಹೊಳೆದಿರಲಾರದು.

ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಅದೇ ಪಾತ್ರವನ್ನು ಶಿವಾನ್ ಇಂಗ್ಲಿಷಿನಲ್ಲಿ ಆಡಿದಳು. ಮೊದಲು ಡಬ್ಲಿನ್ನಿನಲ್ಲಿ, ೧೯೫೪ರಲ್ಲಿ ಲಂಡನ್ನಿನ ಆರ್ಟ್ಸ್ ಥಿಯೇಟರಿನಲ್ಲಿ, ೧೯೫೬ರಲ್ಲಿ ಅಮೆರಿಕದಲ್ಲಿ. ಆದರೆ ಐರಿಷ್ ಜೋನಳನ್ನು ಗಾಲ್ವೇಯಲ್ಲಿ ಬಿಟ್ಟು ಹೋಗಲಿಲ್ಲ, ಜೊತೆಗೇ ಕರೆದೊಯ್ದಳು. ಲಂಡನ್ನಿನ ಮೊದಲ ಜೋನ್, ಸಿಬಿಲ್ ಥಾರ್ನ್‌ಡೈಕ್ ಎಂಬ ಮಹಾನಟಿ, ೧೯೨೪ರಲ್ಲೇ ಹಾಕಿಕೊಟ್ಟ ಮೇಲ್ಪಂಕ್ತಿ ಎಲ್ಲರ ಕಣ್ಣಮುಂದಿತ್ತು. ಶಿವಾನ್ ಅದನ್ನು ಪಕ್ಕಕ್ಕಿಟ್ಟು ಪಶ್ಚಿಮ ಐರ್ಲೆಂಡಿನ ಹಳ್ಳಿಯವರ ಇಂಗ್ಲಿಷಿನಲ್ಲಿ ಜೋನಳನ್ನು ಮಾತಾಡಿಸಿದಳು. ನಮ್ಮಲ್ಲಿ ಕಿತ್ತೂರು ಚೆನ್ನಮ್ಮನ ಪಾತ್ರ ವಹಿಸಿದವಳು ಗ್ರಂಥದ ಕನ್ನಡವನ್ನು ಒತ್ತಟ್ಟಿಗಿಟ್ಟು, ಸಂತೆಗೆ ಬಂದ ಒಕ್ಕಲಗಿತ್ತಿಯ ಮಾತಿನಲ್ಲಿ ದೊರೆಗಳನ್ನು ಗದರಿಸಿದರೆ ಹೇಗಿದ್ದೀತೋ ಹಾಗೆ. ಷಾ ಬರೆದ ಜೋನಳೂ ಹಳ್ಳಿಯವಳೇ. ಯುವರಾಜನನ್ನು ‘ಚಾರ್ಲಿ’ ಎಂದು ಕರೆಯುವವಳು. ಆದರೆ ಇಂಗ್ಲಿಷ್ ರಂಗಭೂಮಿಯ ಶಿಷ್ಟ ಉಚ್ಚಾರಣೆಯಲ್ಲಿ ಆ ಹಳ್ಳಿಗಾಡು ಕಾಗದದ ಹೂವಾಗಿಬಿಡುತ್ತಿತ್ತು. ಶಿವಾನಳ ಬಾಯಲ್ಲಿ ಅದಕ್ಕೆ ಮಣ್ಣು ಸಿಕ್ಕಿತು. ಆಗಿನ ಚಿತ್ರಗಳನ್ನು ನೋಡಿದರೆ ಗೊತ್ತಾಗುತ್ತದೆ: ಮೊಟಕಾಗಿ ಕತ್ತರಿಸಿದ ಕೂದಲು, ಅಗಲವಾದ ಮುಖ, ಚೆಲುವೆಯಾಗಿ ಕಾಣಬೇಕೆಂಬ ಹಂಬಲವೇ ಇಲ್ಲದ ನಿಲುವು. ಅಮೆರಿಕದ ‘ಲೈಫ್’ ವಾರಪತ್ರಿಕೆ ೧೯೫೬ರ ಸೆಪ್ಟೆಂಬರಿನಲ್ಲಿ ಆ ಮುಖವನ್ನು ತನ್ನ ಹೊದಿಕೆಯ ಮೇಲೆ ಅಚ್ಚುಹಾಕಿತು.

ನಮ್ಮ ಅಧಿಕಾರಿಗಳ ಪ್ರಶ್ನೆಗೆ ಉತ್ತರ ಇಲ್ಲಿದೆ. ಅನುವಾದ ಇರುವುದು ಇಂಗ್ಲಿಷ್ ಬಾರದವರಿಗಾಗಿ ಮಾತ್ರವಲ್ಲ. ಗಾಲ್ವೇಯಲ್ಲಿ ಆ ನಾಟಕ ನೋಡಿದವರಲ್ಲಿ ಇಂಗ್ಲಿಷ್ ಬಾರದವರು ಎಷ್ಟು ಮಂದಿ ಇದ್ದಾರು? ಆದರೂ ಅದು ವ್ಯರ್ಥವಾಗಲಿಲ್ಲ. ತನ್ನ ಭಾಷೆಯಲ್ಲಿ ಒಮ್ಮೆ ಬದುಕಿದ್ದರಿಂದ ಜೋನಳಿಗೆ ಮೈ ಬಂತು. ಮೈ ಬಂದವಳು ಬೇಕಾದಲ್ಲಿಗೆ ನಡೆದು ಹೋಗಬಲ್ಲಳು, ಇಂಗ್ಲಿಷಿಗೂ.

ಇಷ್ಟು ಹೇಳಿ ಉಳಿದ ವೃತ್ತಾಂತವನ್ನು ಓಡುನಡೆಯಲ್ಲಿ ಹೇಳಿದರೆ ಸಾಕು. ೧೯೫೫ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ‘ದಿ ಚಾಕ್ ಗಾರ್ಡನ್’ ನಾಟಕದೊಂದಿಗೆ ಹೋದಳು. ಅದಕ್ಕೊಮ್ಮೆ, ಮುಂದೆ ‘ದಿ ರೋಪ್ ಡ್ಯಾನ್ಸರ್ಸ್’ ನಾಟಕಕ್ಕೊಮ್ಮೆ, ಟೋನಿ ಪ್ರಶಸ್ತಿಯ ಪಟ್ಟಿಯಲ್ಲಿ ಹೆಸರು ಬಂತು, ಪ್ರಶಸ್ತಿ ಬರಲಿಲ್ಲ. ೧೯೫೭ರಲ್ಲಿ ಕೆನಡಾದ ಸ್ಟ್ರಾಟ್‌ಫರ್ಡಿನಲ್ಲಿ ವಯೋಲಾ ಆದಳು. ಅದೇ ವರ್ಷ ನ್ಯೂಯಾರ್ಕಿನ ಸಣ್ಣ ರಂಗವೊಂದರಲ್ಲಿ ಹ್ಯಾಮ್ಲೆಟ್ ಕೂಡ ಆದಳು! ಗಂಡು ಹೆಣ್ಣಿನ ಪಾತ್ರ ಮಾಡುವುದನ್ನು ನಾವು ಕಂಪನಿ ನಾಟಕಗಳಲ್ಲಿ ಬೇಕಾದಷ್ಟು ಕಂಡವರು. ಆದ್ದರಿಂದ ನಮಗೆ ಇದು ಅಂಥ ದಿಗಿಲಿನ ಸಂಗತಿಯಲ್ಲ. ೧೯೬೬ರಲ್ಲಿ ಡಬ್ಲಿನ್ನಿನಲ್ಲಿ ಷಾನ್ ಓಕೇಸಿಯ ಜೂನೋ ಆಗಿ ನಿಂತಾಗ ಎದುರಿಗೆ ಗಂಡನಾಗಿ ಪೀಟರ್ ಓಟೂಲ್ ಇದ್ದ.

ಸಿನಿಮಾಗಳ ವಿಚಾರದಲ್ಲಿ ನನ್ನದೊಂದು ತಕರಾರಿದೆ. ಸಿನಿಮಾದವರು ಈ ನಟಿಯನ್ನು ಬಳಸಲು ಅರಿಯಲಿಲ್ಲ. ೧೯೬೧ರ ‘ಕಿಂಗ್ ಆಫ್ ಕಿಂಗ್ಸ್’ ಚಿತ್ರದಲ್ಲಿ ಏಸುವಿನ ತಾಯಿ ಮೇರಿಯ ಪಾತ್ರ ಕೊಟ್ಟರು. ಅಂಥ ದನಿಯವಳಿಗೆ ಹೆಚ್ಚಾಗಿ ಕೊಟ್ಟದ್ದು ಮೌನ, ನೀಲಿ ಮುಸುಕು ಮತ್ತು ಆಕಾಶದತ್ತ ನೋಟ. ಜಿವಾಗೋದ ಕಥೆ ಆಗಲೇ ಹೇಳಿದೆ. ದನಿಯನ್ನು ಬಳಸಿಕೊಂಡ ಚಿತ್ರವೆಂದರೆ ೧೯೬೨ರ ‘ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್’. ಇದರ ಮೂಲ ನಾಟಕ ಜೆ. ಎಂ. ಸಿಂಗ್ ಎಂಬಾತನದು. ಪಂಜಾಬಿನ ಸಿಂಗರಲ್ಲ, ಐರಿಷರ ಸಿಂಗ್. ಅರಾನ್ ದ್ವೀಪಗಳಲ್ಲಿ ಬೆಸ್ತರ ನಡುವೆ ಇದ್ದು, ಅವರ ಐರಿಷ್ ಮಾತಿನ ಜಾಡಿನಲ್ಲಿ ಇಂಗ್ಲಿಷನ್ನು ಎರಕಹೊಯ್ದವನು. ೧೯೦೭ರಲ್ಲಿ ಆಬಿಯಲ್ಲಿ ಈ ನಾಟಕ ಮೊದಲು ಆಡಿದಾಗ, ಹೆಂಗಸರ ಒಳಲಂಗದ ಹೆಸರು ರಂಗದ ಮೇಲೆ ಬಂತೆಂದು ಗಲಭೆಯೆದ್ದು ಪೊಲೀಸರು ಬರಬೇಕಾಯಿತು. ಚಿತ್ರದಲ್ಲಿ ಶಿವಾನ್ ಪೆಗೀನ್ ಎಂಬ ಇಪ್ಪತ್ತರ ಹುಡುಗಿ. ನಿಜದಲ್ಲಿ ಆಗ ಆಕೆಗೆ ನಲವತ್ತರ ಹತ್ತಿರ. ಕ್ಯಾಮೆರಾ ವಯಸ್ಸನ್ನು ಮುಚ್ಚಿಡುವುದಿಲ್ಲ. ಆದರೆ ಕಣ್ಣು ಮುಚ್ಚಿ ಕೇಳಿ ನೋಡಿ, ಇಪ್ಪತ್ತು ವರ್ಷದ ಹುಡುಗಿಯೇ ಮಾತಾಡುತ್ತಾಳೆ. ಚಲನಚಿತ್ರವನ್ನು ಕಣ್ಣು ಮುಚ್ಚಿ ನೋಡಬೇಕೆಂದು ಸಲಹೆ ಕೊಡುವ ವಿಮರ್ಶಕ ನಾನೊಬ್ಬನೇ ಇರಬಹುದು.

ಒಂದು ಮಾತನ್ನು ಮರೆಮಾಚಬಾರದು. ಶಿವಾನ್ ಐರಿಷ್ ರಂಗಭೂಮಿಯಲ್ಲೇ ಉಳಿಯಲಿಲ್ಲ. ಮುಂದಿನ ದೊಡ್ಡ ಪಾತ್ರಗಳೆಲ್ಲ ಇಂಗ್ಲಿಷಿನವು. ಹಾಗೆ ನೋಡಿದರೆ, ಹಡಗು ಹತ್ತಿಹೋದ ಆ ಹಿಂದಿನ ಹುಡುಗಿಯರ ದಾರಿಯನ್ನೇ ಈಕೆಯೂ ಹಿಡಿದಳಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಲಿ. ಪುಟ್ಟ ಭಾಷೆ ದೊಡ್ಡ ನಟಿಗೆ ವರ್ಷಕ್ಕೆ ಎಷ್ಟು ಪಾತ್ರ ಕೊಟ್ಟೀತು, ಎಷ್ಟು ದಿನ ಅನ್ನ ಹಾಕೀತು? ಐರ್ಲೆಂಡಿನ ೨೦೨೨ರ ಜನಗಣತಿಯಲ್ಲಿ ಐರಿಷ್ ಬರುತ್ತದೆ ಎಂದು ಬರೆಸಿದವರು ಹದಿನೆಂಟು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು. ಶಾಲೆಯ ಹೊರಗೆ ಪ್ರತಿನಿತ್ಯ ಆಡುತ್ತೇವೆಂದವರು ಎಪ್ಪತ್ತೆರಡು ಸಾವಿರ. ನಮ್ಮ ಒಂದು ಸಾಧಾರಣ ಪಟ್ಟಣದ ಜನಸಂಖ್ಯೆಯಷ್ಟೂ ಇಲ್ಲ. ಈ ಎರಡು ಅಂಕಿಗಳ ನಡುವಿನ ಬಯಲನ್ನು ನೋಡಿದಾಗಲೆಲ್ಲ, ನಮ್ಮ ಮನೆಗಳಲ್ಲಿ ಮೊಮ್ಮಕ್ಕಳು ಅಜ್ಜಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ನನ್ನ ಕಣ್ಣಮುಂದೆ ಬಂದು ಎದೆ ಝಲ್ಲೆನ್ನುತ್ತದೆ. ‘ಬರುತ್ತದೆ’ ಎನ್ನುವುದಕ್ಕೂ ‘ಆಡುತ್ತೇವೆ’ ಎನ್ನುವುದಕ್ಕೂ ಅಷ್ಟು ಅಂತರ.

೧೯೭೦ರಲ್ಲಿ ಆಕೆ ‘ಹಿಯರ್ ಆರ್ ಲೇಡೀಸ್’ ಎಂಬ ಏಕವ್ಯಕ್ತಿ ಪ್ರದರ್ಶನ ಕಟ್ಟಿ ಲಂಡನ್ನಿಗೂ ಆಮೇಲೆ ನ್ಯೂಯಾರ್ಕಿಗೂ ಒಯ್ದಳು. ಐರಿಷ್ ಲೇಖಕರು ಬರೆದ ಹೆಂಗಸರನ್ನೆಲ್ಲ ಒಬ್ಬಳೇ ಆಡುವುದು. ಮಾಲಿ ಬ್ಲೂಮಳೂ ನದಿದಡದ ಅಗಸಗಿತ್ತಿಯೂ ಅದರಲ್ಲಿದ್ದರು. ೧೯೭೫ರಲ್ಲಿ ರಾಷ್ಟ್ರಾಧ್ಯಕ್ಷರು ಆಕೆಯನ್ನು ತಮ್ಮ ಸಲಹಾ ಮಂಡಲಿಗೆ ಸೇರಿಸಿಕೊಂಡರು. ೧೯೭೮ರಲ್ಲಿ ಗಂಡ ತೀರಿಕೊಂಡ.

ಕೊನೆಯ ದೊಡ್ಡ ಪಾತ್ರ ಮತ್ತೆ ಗಾಲ್ವೇಯಲ್ಲೇ ಸಿಕ್ಕಿತು. ೧೯೮೫ರ ಡಿಸೆಂಬರಿನಲ್ಲಿ ಡ್ರೂಯಿಡ್ ಎಂಬ ನಾಟಕ ತಂಡ, ಗ್ಯಾರಿ ಹೈನ್ಸ್ ಎಂಬ ನಿರ್ದೇಶಕಿಯ ಕೈಯಲ್ಲಿ, ಟಾಮ್ ಮರ್ಫಿ ಬರೆದ ‘ಬಾಲ್ಯಗಂಗರ’ ನಾಟಕವನ್ನು ಆಡಿತು. ಹೆಸರಿನ ಅರ್ಥ ‘ನಗುವಿಲ್ಲದ ಊರು’. ಮಾಮೋ ಎಂಬ ಅರಳುಮರಳಾದ ಮುದುಕಿ ಹಾಸಿಗೆಯಲ್ಲಿ ಕುಳಿತು ದಿನವೂ ರಾತ್ರಿ ಒಂದೇ ಕಥೆ ಹೇಳುತ್ತಾಳೆ: ಆ ಊರಿಗೆ ಆ ಹೆಸರು ಹೇಗೆ ಬಂತೆಂಬ ಕಥೆ. ಸಂತೆಯಿಂದ ಹಿಂದಿರುಗುವ ದಾರಿಯಲ್ಲಿ ಒಬ್ಬ ಅಪರಿಚಿತ, ಅವನ ಹೆಂಡತಿ, ಆ ಊರಿನಲ್ಲಿ ತಂಗಿದ್ದು. ಯಾರು ಹೆಚ್ಚು ನಗುತ್ತಾರೆಂಬ ಪಂದ್ಯ. ತಮ್ಮ ತಮ್ಮ ದುರದೃಷ್ಟಗಳನ್ನೇ ಒಂದೊಂದಾಗಿ ಎತ್ತಿ ಆಡಿ ನಗುವುದು. ಮುದುಕಿ ಕಥೆಯನ್ನು ಎಂದೂ ಮುಗಿಸುವುದಿಲ್ಲ. ಏಕೆಂದರೆ ಆ ಅಪರಿಚಿತನ ಹೆಂಡತಿ ತಾನೇ. ಅವರು ಅಲ್ಲಿ ನಗುತ್ತ ತಡಮಾಡಿದ ಹೊತ್ತಿನಲ್ಲಿ, ಕಾದು ಕುಳಿತಿದ್ದ ಮೊಮ್ಮಗ ಮನೆಯಲ್ಲಿ ಬೆಂಕಿಯ ಪಾಲಾಗಿದ್ದ. ಇಂಗ್ಲಿಷಿನ ನಡುನಡುವೆ ಐರಿಷಿನ ಮಾತು ಗೆಡ್ಡೆಯಂತೆ ಸಿಗುವ, ಉಸಿರು ಬಿಡದ ಕಥನ. ಎದುರಿಗಿರುವ ಸ್ವಂತ ಮೊಮ್ಮಗಳನ್ನೂ ಗುರುತಿಸಲಾರದವಳಿಗೆ ಕಥೆಯ ಒಂದೊಂದು ಪದವೂ ಬಾಯಿಗೆ ಬರುತ್ತದೆ.

ನಮ್ಮ ಸೋದರತ್ತೆಯೂ ಹೀಗೆಯೇ. ೧೯೧೮ರ ಇನ್‌ಫ್ಲುಯೆಂಜಾ ಬೇನೆಯ ವರ್ಷ ನವಲಗುಂದದ ಕಡೆಯಿಂದ ಧಾರವಾಡಕ್ಕೆ ಚಕ್ಕಡಿಯಲ್ಲಿ ಬಂದ ಕಥೆಯನ್ನು ನಮಗೆ ರಾತ್ರಿ ಹೇಳುತ್ತಿದ್ದರು. ಎತ್ತಿನ ಬಣ್ಣ, ಬುತ್ತಿಯಲ್ಲಿದ್ದ ರೊಟ್ಟಿಯ ಲೆಕ್ಕ, ಬೆಣ್ಣಿಹಳ್ಳದ ನೀರು ಎಲ್ಲಿಯ ತನಕ ಬಂದಿತ್ತು ಎಲ್ಲ ಬರುತ್ತಿತ್ತು. ಮಡಿಲಲ್ಲಿ ಕೂಸು ಇತ್ತೆಂಬುದೂ ಬರುತ್ತಿತ್ತು. ಹಳ್ಳ ದಾಟುವಲ್ಲಿಗೆ ಕಥೆ ನಿಲ್ಲುತ್ತಿತ್ತು.

“ಮುಂದೇನಾತು, ಅತ್ತೀ?”

“ಮುಂದ ಏನಾಗತದ? ಹೊತ್ತಾತು, ಮಕ್ಕೋರಿನ್ನ.”

ಅತ್ತೆ ಹಳ್ಳವನ್ನು ದಾಟಲೇ ಇಲ್ಲ. ಮರ್ಫಿಯ ಮಾಮೋ ದಾಟುತ್ತಾಳೆ. ಮೊಮ್ಮಗಳು ಮೇರಿ ಹಟಹಿಡಿದು, ಒಂದೊಂದೇ ಮಾತು ಎತ್ತಿಕೊಟ್ಟು, ಮುಗಿಸು ಮುಗಿಸು ಎಂದು ಕಥೆಯನ್ನು ಕೊನೆಗೆ ಮುಟ್ಟಿಸುತ್ತಾಳೆ. ಆ ನಾಟಕವನ್ನು ನಾನು ಓದಿದ್ದಷ್ಟೇ. ಆದರೆ ಓದುವಾಗ ಮಾಮೋಳ ಮಾತೆಲ್ಲ ಆ ಗ್ರಾಮಫೋನ್ ತಟ್ಟೆಯ ದನಿಯಲ್ಲೇ ಕೇಳಿಸಿತು. ಎರಡನೆಯ ಅಂಕದ ಹೊತ್ತಿಗೆ ಆ ದನಿ ಯಾವುದು, ಅತ್ತೆಯದು ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಯಿತು.

‘ಬಾಲ್ಯಗಂಗರ’ ಮರುವರ್ಷ ಲಂಡನ್ನಿಗೂ ಹೋಗಿಬಂತು. ೧೯೮೬ರ ನವೆಂಬರ್ ೧೬ರಂದು ಡಬ್ಲಿನ್ನಿನಲ್ಲಿ ಶಿವಾನ್ ಪುಪ್ಪುಸದ ಕ್ಯಾನ್ಸರಿನಿಂದ ತೀರಿಕೊಂಡಳು. ಅರವತ್ತನಾಲ್ಕು ವರ್ಷ. ಡಬ್ಲಿನ್ನಿನಲ್ಲಿ ಮಣ್ಣುಮಾಡಲಿಲ್ಲ, ಗಾಲ್ವೇಗೆ ಒಯ್ದರು. ಅಲ್ಲಿಯ ರಾಹೂನ್ ಸ್ಮಶಾನದಲ್ಲಿ ಮೈಕೇಲ್ ಬಾಡ್‌ಕಿನ್ ಎಂಬ ಹುಡುಗನ ಗೋರಿಯೂ ಇದೆ. ಆತ ೧೯೦೦ರಲ್ಲಿ ಎಳೆಯ ವಯಸ್ಸಿಗೇ ಸತ್ತವನು. ಗಾಲ್ವೇಯ ನೋರಾ ಬಾರ್ನಕಲ್ ಎಂಬ ಹುಡುಗಿಯನ್ನು ಮೆಚ್ಚಿದ್ದವನು. ನೋರಾ ಮುಂದೆ ಜೇಮ್ಸ್ ಜಾಯ್ಸನ ಕೈಹಿಡಿದಳು. ನಿಲ್ಲಿಸದೆ ತಡೆಯದೆ ಹರಿಯುವ ಆಕೆಯ ಗಾಲ್ವೇ ಮಾತಿನಿಂದಲೇ ಜಾಯ್ಸ್ ಮಾಲಿ ಬ್ಲೂಮಳ ಮಾತನ್ನು ಕಡೆದನೆಂದು ಬಲ್ಲವರು ಹೇಳುತ್ತಾರೆ. ಆ ಮಾತನ್ನು ಲಂಡನ್, ನ್ಯೂಯಾರ್ಕುಗಳಲ್ಲೆಲ್ಲ ಆಡಿಬಂದ ಶಿವಾನಳನ್ನೂ ಅದೇ ರಾಹೂನಿನಲ್ಲಿ ಮಲಗಿಸಿದರು.